ಹತ್ತು ನಿಮಿಷ ಕಾಯಿರಿ

ಇಪ್ಪತ್ತಾರು ವರ್ಷ ಲಿಫ್ಟುಗಳ ನೆತ್ತಿಯ ಮೇಲೆ ಕೂತು ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್‌ಗೆ ಕಂಪನಿ ಕೊನೆಯ ದಿನ ಕೊಟ್ಟದ್ದು ಒಂದು ಗೋಡೆ ಗಡಿಯಾರ. ಅದೂ ಕಂಪನಿಯ ಹೆಸರನ್ನು ಹೊಟ್ಟೆಯ ಮೇಲೆ ಬರೆಸಿಕೊಂಡ ಗಡಿಯಾರ. ಅದೇ ತಿಂಗಳು ಉದ್ದಣ್ಣನಿಗೆ ಸರಕಾರದ ಅಂಗವಿಕಲ ವೇತನ ಮಂಜೂರಾಯಿತು.

ಉದ್ದಣ್ಣ ಮೆಕ್ಯಾನಿಕ್‌ನ ಜೊತೆಗಾರ. ಅವನಿಗೆ ಮೂರ್ಛೆರೋಗವಿತ್ತು. ಕೈಯಲ್ಲಿ ಸ್ಪಾನರ್ ಹಿಡಿದವನು ಹಿಡಿದ ಹಾಗೇ ಬಿದ್ದುಬಿಡುತ್ತಿದ್ದ. ಬಿದ್ದಾಗಲೆಲ್ಲ ಓಡಿ ಹೋಗಿ ಹಿಡಿದದ್ದು, ಮಗ್ಗುಲಿಗೆ ತಿರುಗಿಸಿದ್ದು, ಬಾಯಿ ಒರೆಸಿದ್ದು ಯಾರು? ಈ ಮೆಕ್ಯಾನಿಕ್. ಬಿದ್ದವನಿಗೆ ಸಾಯುವ ತನಕ ವೇತನ, ಹಿಡಿದವನಿಗೆ ಗಡಿಯಾರ! ಗೋಡೆಯ ಮೇಲಿನ ಅದರ ಟಿಕ್‌ಟಿಕ್ ಕೇಳಿದಾಗಲೆಲ್ಲ ಅವನಿಗೆ ಹೊಟ್ಟೆಯಲ್ಲಿ ಕಿಚ್ಚು ಹಾಕಿದಂತಾಗುತ್ತಿತ್ತು.

ಉದ್ದಣ್ಣನ ಮೂರ್ಛೆ ಅವನಿಗೆ ಬಾಯಿಪಾಠವಾಗಿತ್ತು. ಮೊದಲು ಕಣ್ಣು ಒಂದೇ ಕಡೆ ನೆಟ್ಟುಬಿಡುತ್ತದೆ. ಗಂಟಲಿನಿಂದ ಒಂದು ವಿಕಾರ ಕೂಗು, ಮೈಯೆಲ್ಲ ಮರಗಟ್ಟಿ ಬೀಳುವುದು, ಆಮೇಲೆ ಅದುರು. ಎದ್ದ ಮೇಲೆ ಹೆಂಡತಿಯ ಗುರುತೂ ಹತ್ತದವನ ನೋಟ. ಇದೆಲ್ಲಕ್ಕಿಂತ ಬೆಲೆಬಾಳುವ ಸಂಗತಿಯನ್ನು ಉದ್ದಣ್ಣನೇ ಒಮ್ಮೆ ಚಹಾ ಕುಡಿಯುತ್ತ ಬಾಯಿಬಿಟ್ಟಿದ್ದ.

"ತಲೆಗೆ ತಂತಿ ಅಂಟಿಸಿ ಮೂರು ಸಲ ನೋಡಿದ್ರು ಕಣಯ್ಯಾ, ಒಂದು ಸಲಾನೂ ಏನೂ ಸಿಗ್ಲಿಲ್ಲ. ಸಿಗದೇ ಇದ್ರೆ ಕಾಯಿಲೆ ಇಲ್ಲ ಅಂತ ಅಲ್ವಂತೆ. ನೋಡಿದೋರ ಮಾತೇ ಮುಖ್ಯ ಅಂದ್ರು ಡಾಕ್ಟ್ರು."

ನೋಡಿದವರ ಮಾತು! ಅಂದರೆ ಕಾಯಿಲೆ ತಲೆಯೊಳಗೆ ಇರಲೇಬೇಕೆಂದಿಲ್ಲ, ನೋಡಿದವರ ಕಣ್ಣಲ್ಲಿ ಇದ್ದರೂ ನಡೆಯುತ್ತದೆ. ಮೆಕ್ಯಾನಿಕ್‌ಗೆ ಆ ದಿನದ ಚಹಾ ಬಹಳ ರುಚಿಯಾಗಿತ್ತು.

ಎಂಟು ತಿಂಗಳಲ್ಲಿ ಅವನು ಐದು ಸಲ ಬಿದ್ದ. ಔಷಧಿ ಅಂಗಡಿಯ ಮುಂದೆ, ಬಸ್ ನಿಲ್ದಾಣದಲ್ಲಿ, ಎದುರುಮನೆಯವರ ಮೆಟ್ಟಿಲ ಮೇಲೆ. ಪ್ರತಿ ಸಲವೂ ಕೆನ್ನೆಯ ಒಳಭಾಗ ಕಚ್ಚಿ ಎಂಜಲಿಗೆ ಒಂದಿಷ್ಟು ಕೆಂಪು ಬೆರೆಸಿದ. ಅಗ್ಗದ ಕೆಲಸ ಅವನು ಎಂದೂ ಮಾಡಿದವನಲ್ಲ. ಹೆಂಡತಿಯ ಕೈಯಲ್ಲಿ ಒಂದು ಡೈರಿ ಬರೆಸಿದ: ಯಾವ ದಿನ, ಎಷ್ಟು ಹೊತ್ತು, ಯಾರು ನೋಡಿದರು. ಡಾಕ್ಟರು ಡೈರಿ ತಿರುವಿಹಾಕಿ, ನೆರೆಯವರನ್ನು ಮಾತಾಡಿಸಿ, ತಲೆದೂಗಿ ಮಾತ್ರೆ ಬರೆದರು. ಆ ಮಾತ್ರೆಗಳು ದಿನಕ್ಕೆರಡರಂತೆ ಬಚ್ಚಲ ಪಾಲಾದವು.

ಅಪಾಯವಿದ್ದದ್ದು ಒಂದೇ ಕಡೆಯಿಂದ, ಒಳ್ಳೆಯವರಿಂದ. ಬಸ್ ನಿಲ್ದಾಣದಲ್ಲಿ ಇಬ್ಬರು ಪುಣ್ಯಾತ್ಮರು ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟಿದ್ದರು. ನಿಜವಾದ ಮೂರ್ಛೆ ರಕ್ತದಲ್ಲಿ ಗುರುತು ಬಿಡುತ್ತದೆಯಂತೆ; ಬಿದ್ದ ಬಿಸಿಯಲ್ಲೇ ರಕ್ತ ತೆಗೆದು ನೋಡಿದರೆ ಬಣ್ಣ ಬಯಲಾಗುವ ಭಯ. ಅದಕ್ಕೆ ಅವನು ಒಂದು ಕಾರ್ಡು ಬರೆಸಿ, ಮೇಲೆ ಪ್ಲಾಸ್ಟಿಕ್ ಹಾಕಿಸಿ, ಅಂಗಿಯ ಜೇಬಿನಲ್ಲಿ ಎದ್ದುಕಾಣುವಂತೆ ಇಟ್ಟುಕೊಂಡ. "ನನಗೆ ಮೂರ್ಛೆರೋಗವಿದೆ. ಗಾಬರಿಯಾಗಬೇಡಿ. ಎಡಮಗ್ಗುಲಿಗೆ ತಿರುಗಿಸಿ. ಆಸ್ಪತ್ರೆಗೆ ಸಾಗಿಸಬೇಡಿ. ಹತ್ತು ನಿಮಿಷ ಕಾಯಿರಿ." ಆಮೇಲೆ ಯಾರೂ ಅವನನ್ನು ಎತ್ತಲಿಲ್ಲ. ಸುತ್ತ ನಿಂತು ಕಾರ್ಡು ಓದಿ, ಶಿಸ್ತಾಗಿ ಕಾದರು.

ವೇತನದ ಅರ್ಜಿ ತುಂಬುವಾಗ ಒಂದು ಕಲಂನಲ್ಲಿ ಮಾತ್ರ ಅವನ ಪೆನ್ನು ತಡೆಯಿತು. "ಬೇರೆ ಕಾಯಿಲೆಗಳಿವೆಯೇ?" ರಕ್ತದೊತ್ತಡವಿತ್ತು. ಬೆಳಿಗ್ಗೆ ಒಂದು ಮಾತ್ರೆ ನುಂಗಬೇಕಿತ್ತು. ಹೌದೆಂದು ಬರೆದರೆ ಕಡತ ಇನ್ನೊಬ್ಬ ಡಾಕ್ಟರ ಮೇಜಿಗೆ ಹೋಗುತ್ತದೆ, ಹೊಸ ಪರೀಕ್ಷೆ, ಹೊಸ ಪ್ರಶ್ನೆ. ಅವನು "ಇಲ್ಲ" ಎಂದು ಬರೆದ. ಮನೆ ನೋಡಲು ಬರುವವರು ಔಷಧಿ ಡಬ್ಬಿಗೂ ಕೈ ಹಾಕುತ್ತಾರೆಂದು ಕೇಳಿದ್ದರಿಂದ, ಆ ಮಾತ್ರೆಗಳನ್ನೂ ಎಸೆದ.

"ಅದೊಂದು ಬಿಡಬೇಡ್ರೀ," ಎಂದಳು ಹೆಂಡತಿ.

"ಒಂದು ಮನೆಗೆ ಒಂದು ಕಾಯಿಲೆ ಸಾಕು ಕಣೇ. ವೇತನ ಬರ್ಲಿ, ಆಮೇಲೆ ಬುಟ್ಟಿ ತುಂಬ ಮಾತ್ರೆ ತಿಂತೀನಿ."

ಅವಳದೇ ಅವನಿಗೆ ದೊಡ್ಡ ಚಿಂತೆ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮೊದಲ ಸಲ ಮನೆಯಲ್ಲಿ ಬಿದ್ದು ತೋರಿಸಿದಾಗ, ನಾಟಕವೆಂದು ಗೊತ್ತಿದ್ದೂ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಗೊಳೋ ಎಂದು ಅತ್ತುಬಿಟ್ಟಿದ್ದಳು. ಮನೆ ನೋಡಲು ಬರುವ ಅಧಿಕಾರಿಯ ಮುಂದೆ ಹೀಗಾದರೆ ಕೆಟ್ಟಿತು, ಅವಳ ಅಳು ನೋಡಿ ಆಂಬುಲೆನ್ಸ್ ಕರೆದುಬಿಟ್ಟಾರು. ಆಗ ಅವನಿಗೆ ಹಳೆಯ ಕಸುಬೇ ದಾರಿ ತೋರಿಸಿತು. ಲಿಫ್ಟಿನ ಕೆಲಸದಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ. ಮೇಲಿನವನು ಕಂಬಿಗೆ ಎರಡು ಸಲ ಕುಟ್ಟುವವರೆಗೆ ಕೆಳಗಿನವನು ಸ್ವಿಚ್ಚು ಮುಟ್ಟುವಂತಿಲ್ಲ. ಆಕಾಶವೇ ಕಳಚಿಬಿದ್ದರೂ ಸರಿ. ಆ ಒಂದು ನಿಯಮದಿಂದ ಅವನೂ ಉದ್ದಣ್ಣನೂ ಇಪ್ಪತ್ತಾರು ವರ್ಷ ಜೀವ ಉಳಿಸಿಕೊಂಡಿದ್ದರು.

"ನೀನು ನನ್ನ ಮುಖ ನೋಡ್ಲೇಬೇಡ," ಎಂದು ಅವಳಿಗೆ ಹೇಳಿಕೊಟ್ಟ. "ಮುಖ ನೋಡಿದ್ರೆ ಅಳ್ತೀಯ. ಎಡಮಗ್ಗುಲಿಗೆ ತಿರುಗಿಸು, ಕೈ ನೋಡ್ತಾ ಕೂತ್ಕೋ. ನಾನು ಒದ್ದಾಡ್ಲಿ, ಕಣ್ಣೀರು ಹಾಕ್ಲಿ, ಏನೇ ಆಗ್ಲಿ, ಹೆಬ್ಬೆರಳಿಂದ ನೆಲಕ್ಕೆ ಎರಡು ಸಲ ಕುಟ್ಟೋವರೆಗೂ ಅಲ್ಲಾಡಬಾರ್ದು. ಕುಟ್ಟಿದ್ಮೇಲೆ ನೀರು ತಾ. ಗೊತ್ತಾಯ್ತಾ?"

ಗೊತ್ತಾಯಿತು. ಹದಿನೈದು ದಿನ ಅಭ್ಯಾಸ ಮಾಡಿಸಿದ ಮೇಲೆ ಅವಳ ಕಣ್ಣು ಒಣಗಿತು. ಅವನಿಗೆ ಹೆಮ್ಮೆಯೆನಿಸಿತು.

ಪರಿಶೀಲನೆಗೆ ಬಂದ ಅಧಿಕಾರಿ ಒಬ್ಬ ನಡುವಯಸ್ಸಿನ ಹೆಂಗಸು. ಚಪ್ಪಲಿ ಹೊರಗೇ ಬಿಟ್ಟು, ಕನ್ನಡಕ ಒರೆಸಿಕೊಂಡು, ಗಡಿಯಾರದ ಕೆಳಗಿನ ಕುರ್ಚಿಯಲ್ಲಿ ಕೂತರು. ಲೆಕ್ಕಾಚಾರ ಸೊಗಸಾಗಿತ್ತು. ಅವರು ಡೈರಿ ಕೇಳಬೇಕು, ಹೆಂಡತಿ ಅದನ್ನು ತೆರೆದು ಕೊಡಬೇಕು, ಎರಡನೆಯ ಪುಟ ತಿರುವುವಾಗ ಅವನು ಬೀಳಬೇಕು. ಬೆಳಿಗ್ಗೆಯಿಂದ ಅವನ ಬಲಗೈ ಜುಮುಜುಮು ಎನ್ನುತ್ತಿತ್ತು. ತಿಂಡಿಯ ಹೊತ್ತಿಗೆ ಲೋಟವೂ ಕೈಜಾರಿತ್ತು. ಪಾತ್ರ ಮೈಗೆ ಹತ್ತಿಬಿಟ್ಟಿದೆ ಎಂದು ಅವನು ಒಳಗೊಳಗೇ ನಕ್ಕಿದ್ದ. ಲಿಫ್ಟಿನ ಉಕ್ಕಿನ ಹಗ್ಗದ ಒಂದು ಎಳೆ ಹರಿದರೂ ಮೂರು ಮಹಡಿ ಕೆಳಗೆ ನಿಂತು ಸದ್ದಿನಲ್ಲೇ ಪತ್ತೆಹಚ್ಚುತ್ತಿದ್ದವನು ಅವನು.

"ಎಷ್ಟು ದಿನದಿಂದ ಹೀಗೆ?" ಎಂದರು ಅಧಿಕಾರಿ.

ಉತ್ತರ ಅವನಿಗೆ ಕಂಠಪಾಠವಾಗಿತ್ತು. ಬಾಯಿ ತೆರೆದ. ಮಾತು ಹೊರಡಲಿಲ್ಲ. ಇನ್ನೊಮ್ಮೆ ಯತ್ನಿಸಿದ, ಹಸುಗೂಸಿನಂಥ ಒಂದು ಸದ್ದು ಬಂತು. ತುಟಿಯ ಒಂದು ಅಂಚು ಜೋತುಬಿತ್ತು. ಇದು ನಾನು ಮಾಡುತ್ತಿರುವುದಲ್ಲ ಎಂದು ತಿಳಿಯುವಷ್ಟರಲ್ಲಿ ಕುರ್ಚಿ ವಾಲಿ, ನೆಲ ಮೇಲೆದ್ದು ಬಂತು.

ಅಧಿಕಾರಿ ಗಾಬರಿಯಿಂದ ಎದ್ದು ಫೋನು ತೆಗೆದರು. "ಆಂಬುಲೆನ್ಸ್ ಕರೀತೀನಿ ಅಮ್ಮಾ!"

"ಬೇಡ ಮೇಡಂ," ಎಂದಳು ಹೆಂಡತಿ. ಎಂಥ ಸ್ಥಿರವಾದ ದನಿ! ಅವನೇ ತಿದ್ದಿ ತೀಡಿದ ದನಿ. ಜೇಬಿನಿಂದ ಕಾರ್ಡು ತೆಗೆದು ಅವರ ಕೈಗಿತ್ತಳು. "ಯಾವಾಗ್ಲೂ ಹೀಗೇನೇ. ಸ್ವಲ್ಪ ಹೊತ್ತು ಬಿಟ್ರೆ ತಾವೇ ಸರಿಹೋಗ್ತಾರೆ."

ಅಧಿಕಾರಿ ಕಾರ್ಡು ಓದಿದರು, ಗಡಿಯಾರ ನೋಡಿದರು, ನಿಟ್ಟುಸಿರು ಬಿಟ್ಟು ಫೋನು ಒಳಗಿಟ್ಟರು. "ಕಣ್ಣಾರೆ ನೋಡಿದ್ಮೇಲೆ ನನಗಿನ್ನೇನು ಕೇಳೋದಿದೆ," ಎಂದು ಮೆಲ್ಲಗೆ ಹೇಳಿ ಕಡತ ಬಿಚ್ಚಿ ಶಿಫಾರಸು ಬರೆಯತೊಡಗಿದರು. ಪೆನ್ನಿನ ಸರಸರ ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಿಜ ಕಣೇ, ಈ ಸಲ ನಿಜ, ಎಂದು ಅವನು ಕಣ್ಣಿನಿಂದಲೇ ಕೂಗಿಕೊಂಡ. ಕಣ್ಣಲ್ಲಿ ನೀರು ತುಂಬಿ ಹರಿಯಿತು. ಇಷ್ಟು ಭಯ ಅವನಿಗೆ ಲಿಫ್ಟಿನ ಗುಂಡಿಯಲ್ಲಿ ಒಂದು ದಿನವೂ ಆಗಿರಲಿಲ್ಲ.

ಹೆಂಡತಿ, ಕಲಿಸಿದಂತೆಯೇ, ಅವನನ್ನು ಎಡಮಗ್ಗುಲಿಗೆ ತಿರುಗಿಸಿ ಪಕ್ಕದಲ್ಲಿ ಕೂತಿದ್ದಳು. ಎಡಗೈ ಮೈಯಡಿ ಸಿಕ್ಕಿಕೊಂಡು ಮಿಸುಕಲೂ ಜಾಗವಿರಲಿಲ್ಲ. ಹಾಗೆ ಸಿಕ್ಕಿಕೊಳ್ಳುತ್ತದೆಂದೇ ಅಭ್ಯಾಸದ ಮೊದಲ ದಿನ ಅವನು ಸನ್ನೆಯನ್ನು ಬಲಗೈಗೆ ವಹಿಸಿದ್ದ, ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕೈಕೊಡದ ಬಲಗೈಗೆ. ಈಗ ಅದು ಯಾರೋ ಮರೆತುಹೋದ ವಸ್ತುವಿನಂತೆ ಅವನೆದುರು ನೆಲದ ಮೇಲೆ ಬಿದ್ದಿತ್ತು. ಗೋಡೆಯ ಮೇಲೆ ಹತ್ತು ನಿಮಿಷ ಕಳೆಯಿತು, ಹದಿನೈದಾಯಿತು. "ಒಂದೊಂದ್ಸಲ ಜಾಸ್ತಿ ಹೊತ್ತಾಗುತ್ತೆ ಮೇಡಂ," ಎಂದಳು ಅವಳು. ಅವನ ಮುಖದತ್ತ ತಿರುಗಲೂ ಇಲ್ಲ. ಅವನು ಹೇಳಿಕೊಟ್ಟಂತೆ, ಕಣ್ಣು ಕೀಳದೆ, ಬಲಗೈ ಹೆಬ್ಬೆರಳು ಎರಡು ಸಲ ನೆಲಕ್ಕೆ ಕುಟ್ಟುವುದನ್ನೇ ಕಾಯುತ್ತಿದ್ದಳು.