ಚಪ್ಪಡಿಯ ದೂರು

"ನಮ್ಮ ಬೀದಿ ದೀಪ ಉರೀತಿಲ್ಲ ಮೇಡಂ" ಎಂದು ಅವನು ಮೊದಲ ಸಲ ಫೋನ್ ಮಾಡಿದಾಗ, ನಗರಸಭೆಯ ದೂರು ವಿಭಾಗದಲ್ಲಿ ಕೂತಿದ್ದ ಅವಳು ಅಂದಿನ ನಲವತ್ತನೆಯ ಬೈಗುಳಕ್ಕೆ ತಯಾರಾದಳು. ಅವನು ಬೈಯಲಿಲ್ಲ.

"ಊಟ ಆಯ್ತಾ ನಿಮ್ದು? ದನಿ ಸೋತ ಹಾಗಿದೆ" ಎಂದ.

ಬೆಳಗಿನಿಂದ ಊರವರ ಬಾಯಿಗೆಲ್ಲ ಕಿವಿಯಾಗಿದ್ದವಳು ಕರಗಲು ಅಷ್ಟು ಸಾಕಾಯಿತು. ಮನುಷ್ಯ ಎಷ್ಟು ಅಗ್ಗಕ್ಕೆ ಸೋಲುತ್ತಾನೆ ನೋಡಿ!

ದೀಪ ಮೂರೇ ದಿನದಲ್ಲಿ ಉರಿಯಿತು. ದೂರು ಕೊಟ್ಟವರೇ "ಕೆಲಸ ಆಗಿದೆ" ಎಂದರೆ ಮಾತ್ರ ದೂರು ಮುಗಿಯುವುದು, ಅದು ಅಲ್ಲಿಯ ನಿಯಮ. ಅವಳೇ ಫೋನ್ ಮಾಡಿ ಕೇಳಿದಳು.

"ಆಗಿದೆ" ಎಂದ. "ಇನ್ನೇನಾದ್ರೂ ಕೆಟ್ಟಿದ್ಯಾ ಅಂತ ಹುಡುಕ್ತಾ ಇದೀನಿ."

ಅವಳು ನಕ್ಕಿದ್ದು ಪಕ್ಕದ ಮೇಜಿನವರಿಗೂ ಕೇಳಿಸಿತು.

ಅವನದು ಕನ್ನಡಕದ ಅಂಗಡಿ. ನೀರಿನ ಪೈಪು ಸೋರುವ ನೆಪ ಹಿಡಿದು ಒಂದು ಮಧ್ಯಾಹ್ನ ಕಚೇರಿಗೇ ಬಂದ. ಅವಳ ಕನ್ನಡಕ ಮೂಗಿನ ಮೇಲೆ ಜಾರುವುದನ್ನು ನೋಡಿ, "ಕೊಡಿ ಇಲ್ಲಿ" ಎಂದು ತೆಗೆದುಕೊಂಡು, ಜೇಬಿನಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿನಿಂದ ಬಿಗಿಮಾಡಿ ತಾನೇ ತೊಡಿಸಿದ. ಅವನ ಬೆರಳು ಅವಳ ಕಿವಿಯ ಹಿಂದೆ ತಾಗಿದ್ದು ಅರೆಗಳಿಗೆ. ಅವಳ ಕೆನ್ನೆಯ ಕೆಂಪು ಸಂಜೆಯವರೆಗೂ ಇಳಿಯಲಿಲ್ಲ.

ಆಮೇಲೆ ಬಂದದ್ದು ಚಪ್ಪಡಿಯ ದೂರು. ಅವನ ಮನೆಯೆದುರು ಚರಂಡಿಯ ಚಪ್ಪಡಿ ಒಡೆದು, ಆಳೆತ್ತರದ ಗುಂಡಿ ಬಾಯಿ ತೆರೆದಿತ್ತು. ಅವಳು ಚೀಟಿ ಬರೆದಳು. ಬೆಳಿಗ್ಗೆ ಹತ್ತಕ್ಕೆ ಇಂಜಿನಿಯರ್ ಬಂದು ಟ್ರೇಯಲ್ಲಿರುವ ಚೀಟಿಗಳನ್ನು ಒಯ್ಯುತ್ತಾರೆ. ಟ್ರೇಯಲ್ಲಿ ಇಲ್ಲದ ಗುಂಡಿ ಅವರ ಪಾಲಿಗೆ ಊರಲ್ಲೂ ಇಲ್ಲ. ಅವಳ ಕೈ ಟ್ರೇಯವರೆಗೆ ಹೋಗಿ ಡ್ರಾಯರಿನತ್ತ ತಿರುಗಿತು. ದೂರು ಮುಗಿದರೆ ಅವನು ಯಾಕೆ ಫೋನ್ ಮಾಡುತ್ತಾನೆ? ಎರಡು ದಿನ ಇರಲಿ ಎಂದುಕೊಂಡಳು.

ಎರಡು ಇಪ್ಪತ್ತಾಯಿತು. ಅವನು ದಿನಾ ಫೋನ್ ಮಾಡಿದ. "ಮೇಡಂ" ಹೋಗಿ "ನೀವು" ಉಳಿಯಿತು, ಅದೂ ಹೋಗಿ "ನೀನು" ಬಂತು. ಒಮ್ಮೆ ಅವನನ್ನು ಸಾಕಿ ಬೆಳೆಸಿದ ಅಕ್ಕ ಫೋನ್ ಕಿತ್ತುಕೊಂಡಳು. ಬೀದಿ ಬೀದಿ ನಡೆದು ಅಂಚೆ ಹಂಚುವವಳು, ಬಾಯಿಯೂ ಕಾಲಿನಷ್ಟೇ ಚುರುಕು.

"ಏನಮ್ಮಾ, ಆ ಗುಂಡಿ ಮುಚ್ಚಿಸ್ತೀಯೋ, ಇಲ್ಲಾ ನನ್ನ ತಮ್ಮನ್ನ ಇನ್ನೂ ಆಳಕ್ಕೆ ಬೀಳಿಸ್ತೀಯೋ?"

"ಅಯ್ಯೋ ಅಕ್ಕಾ..."

"ಅಕ್ಕ ಅಂದ್ಯಲ್ಲ, ಸಾಕು ಬಿಡು! ಯಾವತ್ತು ಮನೆಗೆ ಬರ್ತೀಯ, ಅದು ಹೇಳು."

ಮದುವೆಯ ಮಾತನ್ನು ಅವನಾಗಿಯೇ ಬಾಯಿಬಿಟ್ಟು ಕೇಳಲಿ, ಮರುದಿನವೇ ಚೀಟಿ ಟ್ರೇಗೆ ಎಂದು ಅವಳು ಲೆಕ್ಕ ಹಾಕಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಗುರುವಾರ ಮಳೆಗೆ ಬೀದಿಯೆಲ್ಲ ನೀರಾಯಿತು. ರಸ್ತೆ ಯಾವುದು ಗುಂಡಿ ಯಾವುದು ತಿಳಿಯದೆ, ಅಂಚೆಚೀಲದ ಸಮೇತ ಅಕ್ಕ ಗುಂಡಿಯೊಳಗೆ ಬಿದ್ದಳು. ಮುರಿದ ಮೂಳೆಗೆ ಚರಂಡಿಯ ನಂಜು ಏರಿತು. ಭಾನುವಾರ ಡಾಕ್ಟರು ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು.

ಸೋಮವಾರ ಅವನು ಅವಳ ಮೇಜಿನೆದುರು ಬಂದು ನಿಂತ.

"ಇಂಜಿನಿಯರ್ ಚೀಟಿನೇ ಬಂದಿಲ್ಲ ಅಂತಾರೆ. ಈ ಆಫೀಸಲ್ಲಿ ನನ್ನೋಳು ಅಂತ ಇರೋದು ನೀನೊಬ್ಬಳೇ. ಯಾರು ತಡೆದ್ರು ಅಂತ ಹುಡುಕಿಕೊಡು."

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಇಂಜಿನಿಯರೇ ಕಳೆದುಹಾಕಿರಬೇಕು ಎಂದರೆ ಊರೇ ನಂಬುತ್ತಿತ್ತು. ಅವನೂ ಇವಳವನಾಗಿಯೇ ಉಳಿಯುತ್ತಿದ್ದ. ಆದರೆ ಆ ನಂಬಿದ ಕಣ್ಣುಗಳ ಎದುರು ಅವಳಿಂದಾಗಲಿಲ್ಲ. ಡ್ರಾಯರು ತೆರೆದು ಚೀಟಿಯನ್ನು ಅವನ ಮುಂದಿಟ್ಟಳು.

"ನಾನೇ. ಗುಂಡಿ ಮುಚ್ಚಿದ್ರೆ ನೀವು ಫೋನ್ ಮಾಡಲ್ಲ ಅಂತ ಭಯ ಆಯ್ತು. ಅಷ್ಟು ಇಷ್ಟಪಟ್ಟುಬಿಟ್ಟಿದ್ದೆ ನಿಮ್ಮನ್ನ."

ಅವನು ಚೀಟಿಯ ಮೇಲಿನ ತಾರೀಕನ್ನೇ ನೋಡುತ್ತಿದ್ದ.

"ದೂರು ಮುಗಿದ ದಿನವೇ ಮದ್ವೆ ವಿಷಯ ಕೇಳ್ಬೇಕು ಅಂತಿದ್ದೆ" ಎಂದ. "ಅದಕ್ಕೆ ಮುಂಚೆ ಕೇಳಿದ್ರೆ, ಕೆಲಸ ಆಗ್ಲಿ ಅಂತ ಹಲ್ಲು ಗಿಂಜ್ತಾನೆ ಅಂದ್ಕೋತೀಯ ಅಂತ ಕಾಯ್ತಿದ್ದೆ."

ಅವನು ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಬಾಗಿಲತ್ತ ತಿರುಗಿದ.

"ಬಾ. ಅಕ್ಕನ ಹತ್ರ ನೀನೇ ಹೇಳು. ಪ್ರಜ್ಞೆ ಬಂದಾಗಿನಿಂದ ನಿನ್ನನ್ನೇ ಕೇಳ್ತಿದಾಳೆ."

ಆಸ್ಪತ್ರೆಯಲ್ಲಿ ಅಕ್ಕ ಅವಳನ್ನು ಕಂಡದ್ದೇ ಮುಖ ಅರಳಿಸಿದಳು. ಕೂರಲು ಕುರ್ಚಿ ಇರಲಿಲ್ಲ. ಹೊದಿಕೆ ಚಪ್ಪಟೆಯಾಗಿದ್ದ ಕಡೆ ಹಾಸಿಗೆಯನ್ನು ತಟ್ಟಿ, "ಇಲ್ಲೇ ಕೂತ್ಕೋ ಮಗಳೇ, ಈಗ ಬೇಕಾದಷ್ಟು ಜಾಗ ಇದೆ" ಎಂದಳು. ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಬಿದ್ದೋಳು ನಾನು, ಅಳೋದು ನೀನಾ?"

ಅವಳು ಅಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಒಂದು ದಿನವನ್ನೂ ಬಿಡಲಿಲ್ಲ.

ಅಕ್ಕ ಕೈ ಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ತಮ್ಮನ ಕಡೆ ತಿರುಗಿದಳು.

"ಇವರನ್ನ ಗೇಟಿನವರೆಗೆ ಬಿಟ್ಟು ಬಾಪ್ಪಾ" ಎಂದಳು.

ಅವನು ಬಿಟ್ಟುಬಂದ.