ನಲವತ್ತೊಂದನೆಯ ಚರ್ಚು

ವಿಟ್ಲೋ ಸಾಹೇಬರು ತಮ್ಮ ಪುಸ್ತಕದಲ್ಲಿ ನಾಯಿಗೆ ಕೃತಜ್ಞತೆ ಹೇಳಿದ್ದರು, ಯತಿರಾಜನಿಗೆ ಹೇಳಿರಲಿಲ್ಲ. ದೋಹಾದ ಕಟ್ಟಡ ಕಂಪನಿಯೊಂದರಲ್ಲಿ ಅವರು ಮ್ಯಾನೇಜರ್, ಇವನು ಡ್ರಾಫ್ಟ್ಸ್‌ಮನ್. ಇಂಗ್ಲೆಂಡಿನ ನಾರ್ಫಕ್ ಸೀಮೆಯಲ್ಲಿ ಊರೇ ಅಳಿದುಹೋಗಿ ಪಾಯ ಮಾತ್ರ ಉಳಿದಿರುವ ಮಧ್ಯಯುಗದ ಚರ್ಚುಗಳ ಮೇಲೆ ಸಾಹೇಬರು ಪುಸ್ತಕ ಬರೆಯುತ್ತಿದ್ದರು. ಎರಡು ವರ್ಷ, ಆಫೀಸು ಮುಗಿದ ಮೇಲೆ, ಅವರು ಹಿಂದೆ ಆ ಜಾಗಗಳನ್ನು ಅಗೆದು ನೋಡಿ ಗೀಚಿಟ್ಟಿದ್ದ ಕೋಳಿಕಾಲಿನ ಅಕ್ಷರದ ಕಾರ್ಡುಗಳನ್ನು ಬಿಡಿಸಿಕೊಂಡು ನಲವತ್ತು ಚರ್ಚುಗಳ ನಕ್ಷೆ ತೆಗೆದವನು ಯತಿರಾಜ. ಮೊದಲ ಪುಟದಲ್ಲೇ ನಿನ್ನ ಹೆಸರು ಎಂದು ಮಾತು ಕೊಟ್ಟಿದ್ದರು. 1994ರ ಮಾರ್ಚಿನಲ್ಲಿ ಟೈಪಾಗಿ ಬಂದ ಮೊದಲ ಪುಟದಲ್ಲಿ ‘ನಕ್ಷೆಗಳು: ಲೇಖಕರವು’ ಎಂದಿತ್ತು. ಕೇಳಿದರೆ, ನಿನ್ನ ಹೆಸರಿಗೆ ನಮ್ಮ ಓದುಗರ ನಾಲಿಗೆ ಹೊರಳುವುದಿಲ್ಲ ಎಂದು ನಕ್ಕರು. ಯತಿರಾಜನ ಮೈಯೆಲ್ಲ ಉರಿಯಿತು. ಆ ನಾಯಿಯ ಹೆಸರು ಬಾರ್ತೊಲೊಮ್ಯೂ.

ಜಗಳವಾಡುವ ಹಾಗಿರಲಿಲ್ಲ. ಇಲ್ಲಿಯ ಕರಾರು ಮುಗಿಯುತ್ತ ಬಂದಿತ್ತು, ಬೇರೆ ಕಂಪನಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಅಲ್ಲಿಗೆ ಹೋಗಲು ಎನ್‌ಒಸಿ ಬೇಕು, ಹೋಗಲು ಅಡ್ಡಿಯಿಲ್ಲವೆಂಬ ಆ ಪತ್ರಕ್ಕೆ ಸಾಹೇಬರ ಸಹಿ ಬೇಕು. ಸಹಿ ಬೀಳದಿದ್ದರೆ ಹೆಂಡತಿ ಸಹನಾಳನ್ನೂ ಶಾಲೆಗೆ ಹೋಗುವ ಮಗಳನ್ನೂ ಕಟ್ಟಿಕೊಂಡು ಊರಿಗೆ ವಿಮಾನ ಹತ್ತಬೇಕು. ಆದ್ದರಿಂದ ಅವನ ಸೇಡು ನಿಧಾನದ್ದಾಗಬೇಕಿತ್ತು. ಅವನು ಸಹಿ ಪಡೆದು ಹೊರಬಿದ್ದು, ಸಾಹೇಬರು ನಿವೃತ್ತರಾಗಿ ತಮ್ಮೂರು ಸೇರಿ, ಪುಸ್ತಕ ಅಚ್ಚಾದ ಮೇಲೆ ಸಿಡಿಯಬೇಕು.

ಇಲ್ಲದ ಚರ್ಚೊಂದನ್ನು ಪುಸ್ತಕಕ್ಕೆ ಸೇರಿಸುವುದೇ ಉಪಾಯ. ಪಂಡಿತರು ಪುಸ್ತಕ ಹಿಡಿದು ಹುಡುಕಿಕೊಂಡು ಹೋಗಬೇಕು, ಅಲ್ಲಿ ಬರೀ ಮೂಲಂಗಿ ಹೊಲವಿರಬೇಕು. ಸಾಹೇಬರು ಕಟ್ಟಿಕೊಂಡ ಮರ್ಯಾದೆಯೆಲ್ಲ ಆ ಹೊಲದಲ್ಲೇ ಮಣ್ಣಾಗಬೇಕು.

ಸಾಹೇಬರ ಪೆಟ್ಟಿಗೆಯಿಂದಲೇ ಒಂದು ಖಾಲಿ ಕಾರ್ಡು ಎತ್ತಿದ. ಅವರದೇ ಕೋಳಿಕಾಲು ಬರೆದ. ಅಂಚಿಗೆ ಹಾಲಿಲ್ಲದ ಸುಲೈಮಾನಿ ಚಹಾ ಸವರಿ ಇಪ್ಪತ್ತು ವರ್ಷ ವಯಸ್ಸು ಏರಿಸಿದ. ಊರಿಗೆ ಲಿಟಲ್ ಥಾರ್ಪಮ್ ಎಂದು ನಾಮಕರಣ ಮಾಡಿದ. ಪಶ್ಚಿಮಕ್ಕೆ ದುಂಡು ಗೋಪುರ, ನಡುವೆ ಜನ ಕೂರುವ ಅಂಕಣ, ಪೂರ್ವಕ್ಕೆ ಪೂಜೆಯ ಕೋಣೆ, ಮೂರಡಿ ದಪ್ಪದ ಗೋಡೆ. ಅಗೆತದಲ್ಲಿ ಸಿಕ್ಕಿದ್ದೆಂದು ಎರಡು ಮಡಕೆ ಚೂರು, ಒಂದು ತುಕ್ಕು ಬೀಗದ ಕೈ. ನಲವತ್ತು ಕಲಿಸಿದ ಪಾಠ ನಲವತ್ತೊಂದಕ್ಕೆ ಸಾಕಾಗಿತ್ತು. ಕೊನೆಗೆ ಕಾರ್ಡಿನಿಂದ ಹಾಳೆಗೆ ನಕ್ಷೆ ಇಳಿಸುವಾಗ ನೋಡುವ ಗೊಡವೆಯೇ ಇಲ್ಲದೆ ಕೈ ತಾನಾಗಿ ಓಡಿತು.

ಬಿನ್ ಮಹಮೂದ್ ಬಡಾವಣೆಯ ತಮ್ಮ ಫ್ಲ್ಯಾಟಿನಲ್ಲಿ ಸಹನಾ ಕೇಳಿದಳು. “ಏನ್ರೀ ಇದು, ಒಬ್ರೇ ನಗ್ತಾ ಕೂತಿದೀರ?”

“ಚರ್ಚ್ ಕಟ್ತಾ ಇದೀನಿ ಕಣೇ.”

ಆಗ ಕತಾರಿನಲ್ಲಿ ಒಂದು ಚರ್ಚೂ ಇರಲಿಲ್ಲ. ಮೊದಲನೆಯದನ್ನು ಮೇಲುಕೋಟೆಯ ಅಯ್ಯಂಗಾರಿಯೊಬ್ಬ ಊಟದ ಮೇಜಿನ ಮೇಲೆ ಎಬ್ಬಿಸಿದ್ದ.

ಸಿಕ್ಕಿಬೀಳುವ ಭಯ ಅವನಿಗಿರಲಿಲ್ಲ. ನಕ್ಷೆಗಳು ಲೇಖಕರವು ಎಂದು ಲೇಖಕರೇ ಅಚ್ಚು ಹಾಕಿಸುವಾಗ ತಪ್ಪು ಇನ್ನಾರದಾದೀತು? ಹೆಸರು ಕದ್ದವರು ಅದರ ಜೊತೆಗೆ ಶಿಕ್ಷೆಯನ್ನೂ ಕದ್ದಿದ್ದರು. ಎಲ್ಲಾದರೂ ಇದು ನೆನಪಿಲ್ಲವಲ್ಲ ಎಂದುಬಿಟ್ಟಾರೆಂಬ ಅಳುಕು ಮಾತ್ರ ಇತ್ತು. ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಕಾರ್ಡಿತ್ತು ಎಂದು ಅವನು ಒಪ್ಪಿಸಿದ ಹಾಳೆ ನೋಡಿ ಸಾಹೇಬರು ಕಣ್ಣು ಮುಚ್ಚಿ, “ಓ, ಥಾರ್ಪಮ್! ಆ ದಿನ ಎಂಥಾ ಮಳೆ! ಮೂರು ದಿನ ನೆಗಡಿ” ಎಂದರು. ಯತಿರಾಜ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಹೊಟ್ಟೆ ತುಂಬ ನಕ್ಕ.

ಗುರುವಾರ ಮಧ್ಯಾಹ್ನ ಸಾಹೇಬರ ಬೀಳ್ಕೊಡುಗೆ. ತಮ್ಮ ಪಾಂಡಿತ್ಯ ಎಲ್ಲರೂ ನೋಡಲೆಂದು ಅವರು ನಲವತ್ತೊಂದು ಹಾಳೆಗಳನ್ನೂ ಗೋಡೆಗೆ ಚುಚ್ಚಿಸಿದ್ದರು. ಸಮೋಸ ತಿನ್ನುತ್ತಲೇ ಕೊನೆಯ ಕಾಗದಗಳಿಗೆ ಸಹಿ ಹಾಕುತ್ತಿದ್ದರು. ಯತಿರಾಜನ ಎನ್‌ಒಸಿ ಮೇಲಿನಿಂದ ಮೂರನೆಯದು. ಅವನು ಚಹಾದ ಕಪ್ಪು ಹಿಡಿದು ಮೊದಲನೆಯ ಸಹಿ ಎಣಿಸಿದ. ಎರಡನೆಯದನ್ನೂ ಎಣಿಸಿದ.

ಅಷ್ಟರಲ್ಲಿ ಐಹೊಳೆ ಕಡೆಯ ಫೋರ್‌ಮನ್ ಗುರುಪಾದಪ್ಪ ಗೋಡೆಯ ಹತ್ತಿರ ನಿಂತು ಕೊನೆಯ ಹಾಳೆಗೆ ಬೆರಳಿಟ್ಟು ಗಟ್ಟಿಯಾಗಿ ಕೇಳಿದ. “ಯತಿರಾಜ್ರ, ಸಾಹೇಬ್ರ ಗುಡ್ಯಾಗ ಅಭಿಷೇಕಾನೂ ಮಾಡ್ತಾರೇನ್ರಿ?”

ಟೈಪಿಸ್ಟ್ ಯೂಜಿನ್ ಬಗ್ಗಿ ನೋಡಿದ. ಮಂಗಳೂರಿನ ಕ್ಯಾಥೊಲಿಕ್ಕ, ಹುಟ್ಟಿದಾಗಿನಿಂದ ಚರ್ಚು ಕಂಡವನು. “ಇದೆಂಥದು ಮಾರಾಯ್ರೆ, ನಮ್ಮ ಇಗರ್ಜಿಯಲ್ಲಿ ಹೀಗೆ ಇರುವುದಿಲ್ಲ!” ಎಂದು ನಕ್ಕ. ಏನು ನಗು ಎಂದು ಸಾಹೇಬರು ಕೇಳಿದರು. ಯಾವ ಕಪಟವೂ ಅರಿಯದ ಯೂಜಿನ್ ಇಂಗ್ಲಿಷಿನಲ್ಲಿ ಸೊಗಸಾಗಿ ವಿವರಿಸಿದ.

ಪೂರ್ವದ ಕೋಣೆಯ ಉತ್ತರ ಗೋಡೆಯನ್ನು ಸೀಳಿಕೊಂಡು, ದೇವರ ಮೇಲೆ ಸುರಿದ ನೀರು ಹೊರಗೆ ಬೀಳುವ ಕಲ್ಲಿನ ದೋಣಿಯೊಂದು ಅಚ್ಚುಕಟ್ಟಾಗಿ ಚಾಚಿಕೊಂಡಿತ್ತು. ಯತಿರಾಜ ಚಿಕ್ಕಂದಿನಿಂದ ಪ್ರದಕ್ಷಿಣೆ ಬರುವಾಗಲೆಲ್ಲ ಅಂಥ ದೋಣಿಗೆ ಕೈಯೊಡ್ಡಿ ತೀರ್ಥ ಹಿಡಿದವನು. ಗರ್ಭಗುಡಿ ಎಂದಮೇಲೆ ಅದಿಲ್ಲದೆ ಹೇಗೆ ಎಂದು ಕೈಗೆ ಅನ್ನಿಸಿತ್ತು, ತಲೆಗೆ ತಿಳಿಸಿರಲಿಲ್ಲ. ಸಾಹೇಬರು ಕನ್ನಡಕ ಹಾಕಿಕೊಂಡು ನಲವತ್ತು ಹಾಳೆಗಳನ್ನೂ ಒಂದೊಂದಾಗಿ ನೋಡುತ್ತ ಬಂದರು. ಯಾವುದರಲ್ಲೂ ದೋಣಿ ಇರಲಿಲ್ಲ. ಆಮೇಲೆ ಯತಿರಾಜನನ್ನು ನೋಡಿದರು, ಪೆನ್ನಿಗೆ ಟೋಪಿ ಹಾಕಿದರು, ಮೂರನೆಯ ಕಾಗದವನ್ನು ಎಳೆದು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು.