ಹುಲ್ಲಿನೊಳಗಿನ ಕೆಂಪು ನೀರು

"ನೀಲಿ ನೀರಿಂದು ಎಷ್ಟರೆ ಬಾಟ್ಲಿ ಇಟ್ಕೋವ್ವ, ನಾ ಬ್ಯಾಡ ಅನ್ನಂಗಿಲ್ಲ. ನನ್ನ ಹುಲ್ಲಾಗಿನ ಆ ಕೆಂಪು ಬಾಟ್ಲಿಗಿ ಮಾತ್ರ ಕೈ ಹಚ್ಚಬ್ಯಾಡ," ಎಂದಳು ಅಂಬೂಬಾಯಿ.

ಮನಿಷಾ ನಕ್ಕಳು. "ಯಾಕ ಕಾಕು, ಅದರಾಗ ದೆವ್ವ ತುಂಬೀರೇನು?"

"ದೆವ್ವ ಇದ್ರ ಚಲೋ ಇತ್ತು. ಊದಿನಕಡ್ಡಿ ಹಚ್ಚಿ ಕೈ ಮುಗದ್ರ ಹೋಗ್ತಿತ್ತು," ಎಂದ ಮುದುಕಿ ನಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ಬೀದರಿನಿಂದ ಭಾಲ್ಕಿಯ ಕಡೆ ಹೋಗುವ ರಸ್ತೆಯ ಪಕ್ಕದ ಹೊಸ ಬಡಾವಣೆ ಅದು. ಔರಾದಿನಿಂದ ವರ್ಗವಾಗಿ ಬಂದಿದ್ದ ಮನಿಷಾ ಕಮಠಾಣದ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಗಂಡ ವಿಶ್ವಾಸ ಕೊಳಾರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಗಳು ಮಾನಸಿ ಇನ್ನೂ ಅಂಗನವಾಡಿ ದಾಟದ ಕೂಸು. ಅವರ ಮನೆಗೂ ಅಂಬೂಬಾಯಿಯ ಮನೆಗೂ ನಡುವೆ ಗೋಡೆಯಿರಲಿಲ್ಲ, ಹುಲ್ಲಿನ ಒಂದು ಪಟ್ಟಿ ಇತ್ತು. ಅರ್ಧ ಇವರದು, ಅರ್ಧ ಆಕೆಯದು. ಮಣ್ಣು ಒಂದೇ, ಕೆಂಪು ಮುರುಮು. ನೀರು ಒಂದೇ, ನಲ್ಲಿಯದು. ಆದರೆ ಅಂಬೂಬಾಯಿಯ ಅರ್ಧ ಸುಡುಬೇಸಿಗೆಯಲ್ಲೂ ಹಸಿರು ಮಖಮಲ್ಲಿನಂತೆ ಹೊಳೆಯುತ್ತಿತ್ತು. ಮನಿಷಾಳ ಅರ್ಧ ಗಜಕರ್ಣ ಹತ್ತಿದ ತಲೆಯಂತೆ ಬೋಳುಬೋಳಾಗಿತ್ತು.

ಕಾರಣ ನಾಯಿಗಳು. ಓಣಿಯ ಅಷ್ಟೂ ನಾಯಿಗಳು ಬಂದು ಕಾಲೆತ್ತುತ್ತಿದ್ದುದು, ಕುಕ್ಕರಿಸುತ್ತಿದ್ದುದು ಮನಿಷಾಳ ಅರ್ಧದಲ್ಲೇ. ಅವು ಒದ್ದೆ ಮಾಡಿದಲ್ಲೆಲ್ಲ ಹುಲ್ಲು ಸುಟ್ಟು ಹಳದಿ ಬಳೆಗಳಂಥ ಕಲೆ ಬೀಳುತ್ತಿತ್ತು. ಎಲ್ಲರಂತೆ ಅವಳೂ ಹಳೆಯ ಬಾಟಲಿಗಳಲ್ಲಿ ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರು ತುಂಬಿ ಸಾಲಾಗಿ ಇಟ್ಟಳು. ಆ ಬಣ್ಣ ಕಂಡರೆ ನಾಯಿ ಹತ್ತಿರ ಸುಳಿಯುವುದಿಲ್ಲ ಎಂದು ಓಣಿಯ ನಂಬಿಕೆ. ಎದುರುಮನೆಯ ಕುಣಾಲನ ಕರಿನಾಯಿ ಶೇರು ಮರುದಿನವೇ ಬಂದು ಆ ಬಾಟಲಿಗಳ ಮೇಲೇ ಕಾಲೆತ್ತಿತು.

"ಕುಣಾಲ, ನಿಮ್ಮ ನಾಯಿಗಿ ನಮ್ಮ ಹುಲ್ಲೇ ಕಾಣ್ತದೇನು?" ಎಂದು ಮನಿಷಾ ಗೇಟಿನಲ್ಲಿ ನಿಂತು ಕೇಳಿದಳು.

"ವೈನಿ, ಅದಕ್ಕ ಲೇಔಟಿನ ನಕ್ಷಾ ಓದ್ಲಿಕ್ಕಿ ಬರಂಗಿಲ್ಲರಿ."

"ನಿಮ್ಮ ಮನಿ ಮುಂದ ಮಾಡಸ್ರಿ."

"ನಮ್ಮ ಮನಿ ಮುಂದ ಫರ್ಸಿ ಕಲ್ಲು ಹಾಕೇವಿ. ಶೇರುಗ ಮೆತ್ತಗ ಬೇಕ್ರಿ, ಸಾಹೇಬ ಅದ ಅದು."

"ಹಂಗಾದ್ರ ಅಂಬೂ ಕಾಕು ಕಡಿ ಹೋಗ್ಲಿ. ಅಲ್ಲಿ ಗಾದಿ ಹಾಸಿದಂಗ ಅದ."

ಕುಣಾಲನ ನಗು ಅರ್ಧಕ್ಕೆ ನಿಂತಿತು. "ಅಲ್ಲಿ ಹೋಗಂಗಿಲ್ಲರಿ ಅದು. ನಾ ಹಗ್ಗ ಹಿಡದು ಎಳದು ನೋಡೀನಿ. ನಾಕೂ ಕಾಲು ಊರಿ ನಿಂತು ನಡಗ್ತದ. ಕಾಕು ಕೆಂಪು ಬಾಟ್ಲಿ ಹೂತಾಳಲ್ಲ, ಅಂಥಾದೊಂದು ನೀವ್ ಬಿ ಇಟ್ಟು ನೋಡ್ರಿ."

ಹೊಟ್ಟೆಕಿಚ್ಚು ಮೊದಲು ಮನಸ್ಸಿಗೆ ಬರುವುದಿಲ್ಲ, ಕಣ್ಣಿಗೆ ಬರುತ್ತದೆ. ಕಸ ಹೊಡೆಯುವಾಗ ಮನಿಷಾಳ ಕಣ್ಣು ಆ ಹಸಿರಿನ ಮೇಲೆ. ಅನ್ನ ಬಸಿಯುವಾಗ ಕಿಟಕಿಯಾಚೆ ಆ ಹಸಿರು. ಸಂಜೆ ಮಾನಸಿ ಆ ಮೆತ್ತನೆಯ ಹುಲ್ಲಿಗೆ ಓಡುತ್ತಿದ್ದಳು. ಅಂಬೂಬಾಯಿ ಅವಳ ತಲೆ ಬಾಚಿ, ಶೇಂಗಾದುಂಡಿ ಕೊಡುತ್ತಿದ್ದಳು. ಕೂಸು "ಆಯೀ, ಆಯೀ" ಎಂದು ಆಕೆಯ ತೊಡೆಯ ಮೇಲೆ ಹೊರಳುತ್ತಿತ್ತು. ತನ್ನ ಅಂಗಳದಲ್ಲಿ ತನ್ನ ಕೂಸು ಯಾಕೆ ಆಡುವುದಿಲ್ಲ? ಆ ಪ್ರಶ್ನೆ ಮನಿಷಾಳ ಎದೆಯಲ್ಲಿ ಸಣ್ಣ ಕೆಂಡದಂತೆ ಕೂತಿತು.

ಒಂದು ಮಧ್ಯಾಹ್ನ ಅಂಬೂಬಾಯಿ ಪಾಪನಾಶದ ಗುಡಿಗೆ ಹೋದಾಗ ಮನಿಷಾ ಹುಲ್ಲಿನೊಳಗೆ ಕೈ ಹಾಕಿದಳು. ಬಾಟಲಿ ಗಾಜಿನದು, ಕುತ್ತಿಗೆ ಕೆಳಗಾಗಿ ಮಣ್ಣಲ್ಲಿ ಹುದುಗಿತ್ತು. ಬಾಯಿಗೆ ಮೇಣ, ಮೇಲೆ ಕಪ್ಪುದಾರ. ಸುತ್ತಲೂ ಬಿಸಿಲು ಕಾರುತ್ತಿದ್ದರೂ ಗಾಜು ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕಿತ್ತು ತಂದು ತನ್ನ ಹುಲ್ಲಿನ ನಡುವೆ ಹುಗಿದಳು. ಹುಗಿಯುವಾಗ ಕೈಜಾರಿ ಮೇಣ ಬಿರಿಯಿತು, ಬೆರಳಿಗೆ ಒಂದು ಹನಿ ತಾಗಿತು. ಕುಂಕುಮದ ನೀರು, ಮತ್ತೇನು, ಎಂದು ಸೀರೆಗೆ ಒರೆಸಿಕೊಂಡಳು. ಅಂಬೂಬಾಯಿಗೆ ತಿಳಿಯದಿರಲೆಂದು ಅಂಥದೇ ಬಾಟಲಿಯಲ್ಲಿ ಕುಂಕುಮ ಕಲಸಿ ಆ ಜಾಗದಲ್ಲಿಟ್ಟಳು.

ಸಂಜೆ ಮುಖ ತೊಳೆಯುವಾಗ ಅದೇ ಬೆರಳಿನಿಂದ ಕಣ್ಣುಜ್ಜಿಕೊಂಡಳು. ಖಾರ ಹತ್ತಿದಂತೆ ಉರಿಯಿತು. ಆಮೇಲೆ ತಣ್ಣಗಾಯಿತು. ತೀರಾ ತಣ್ಣಗಾಯಿತು.

ಮರುದಿನ ಶೇರು ಅವಳ ಹುಲ್ಲಿನ ಅಂಚಿಗೆ ಬಂದು ನಿಂತಿತು. ಬೆನ್ನಿನ ಕೂದಲು ಸೆಟೆದವು. ಬಾಲ ಹೊಟ್ಟೆಗಂಟಿಸಿ ಹಿಂದೆ ಸರಿದು, ಅಂಬೂಬಾಯಿಯ ಹಸಿರಿಗೆ ಹೋಗಿ ಕಾಲೆತ್ತಿತು. ಮನಿಷಾಳಿಗೆ ಹಾಡಬೇಕೆನಿಸಿತು. ಕೆಲವೇ ದಿನಗಳಲ್ಲಿ ಅವಳ ಹುಲ್ಲು ಚಿಗುರಿ ತುಂಬಿತು, ಆಕೆಯದು ಹಳದಿಯಾಯಿತು.

ಅಂಬೂಬಾಯಿ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ.

"ಬಾಟ್ಲಿ ತಗೊಂಡಿಯೇನವ್ವ?"

"ನಿಮ್ಮ ಬಾಟ್ಲಿ ನಿಮ್ಮ ಹುಲ್ಲಾಗೇ ಅದಲ್ಲ ಕಾಕು."

"ಅದು ನಂದಲ್ಲ." ಮುದುಕಿ ಅವಳ ಕಣ್ಣನ್ನು ನೋಡಿದಳು, ಕೂಡಲೇ ಮುಖ ತಿರುಗಿಸಿದಳು. "ಮೇಣ ಒಡದದೇನು? ಖರೇ ಹೇಳು. ಇನ್ನ ಬಿ ಹೊತ್ತದ."

"ನಾ ಸೈನ್ಸ್ ಟೀಚರ್ ಇದೀನ್ರಿ ಕಾಕು. ಇಂಥವೆಲ್ಲ ನನ್ನ ಮುಂದ ಹೇಳಬ್ಯಾಡ್ರಿ."

ಮುದುಕಿ ಹೋದಳು. ಅಂದಿನಿಂದ ಮನಿಷಾ ಎದುರಾದಾಗಲೆಲ್ಲ ಆಕೆ ನೆಲ ನೋಡುತ್ತಿದ್ದಳು.

ಕುಣಾಲ ಶೇರುವಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸಿದ್ದ ದಿನ ಅದರ ಕಪ್ಪು ಮೈ ಬಿಸಿಲಿಗೆ ರೇಷ್ಮೆಯಂತೆ ಮಿಂಚಿತು. ಏನು ಚಂದ ಅದ ಹಾಳಾದ್ದು, ಎಂದುಕೊಂಡಳು ಮನಿಷಾ. ಕಣ್ಣಿನೊಳಗೆ ಆ ತಣ್ಣನೆಯದು ಒಮ್ಮೆ ಮಿಸುಕಿತು. ಮರುದಿನ ನಾಯಿಯ ಕೂದಲು ಹಿಡಿಹಿಡಿಯಾಗಿ ಉದುರಿತು. ವಾರ ಕಳೆಯುವುದರೊಳಗೆ ಕುಣಾಲ ಅದನ್ನು ಗೋಣಿಚೀಲದಲ್ಲಿ ಸುತ್ತಿ ಊರಾಚೆ ಒಯ್ದ. ಸಾಲೆಯಲ್ಲಿ ಜೊತೆಯವಳೊಬ್ಬಳು ಹೊಸ ಬಳೆ ತೋರಿಸಿದಳು, ಸಂಜೆಗೆ ಆ ಕೈ ಬಾತು ಬಳೆಯನ್ನು ಕತ್ತರಿಸಿ ತೆಗೆಯಬೇಕಾಯಿತು. ಮನಿಷಾ ಇದನ್ನೂ ಅದನ್ನೂ ಕೂಡಿಸಿ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ.

ಅವಳ ಅಂಗಳ ಈಗ ಹಸಿರಾಗಿತ್ತು. ಆದರೂ ಮಾನಸಿ ಹಳದಿ ಹುಲ್ಲು ತುಳಿದು ಅಂಬೂಬಾಯಿಯ ಕಡೆಗೇ ಓಡಿದಳು. ಕಿಟಕಿಯಿಂದ ಮನಿಷಾ ನೋಡಿದಳು. ಮುದುಕಿಯ ಒಣ ಕೈ, ಕೂಸಿನ ದಟ್ಟ ಕೂದಲು, ನಡುವೆ ಹಣಿಗೆ. ಕೂಸು ಕಣ್ಣು ಮುಚ್ಚಿ ಸುಖದಲ್ಲಿ ತೂಗುತ್ತಿತ್ತು. ತನ್ನ ಮುಂದೆ ಒಂದು ದಿನವೂ ಹೀಗೆ ಕೂತಿಲ್ಲ. ಮನಿಷಾಳ ಹೊಟ್ಟೆಯಿಂದ ಗಂಟಲವರೆಗೆ ಉರಿ ಎದ್ದಿತು. ಕಣ್ಣು ಮಾತ್ರ ತಣ್ಣಗಿತ್ತು.

ಹಣಿಗೆಯ ತುಂಬ ಕೂದಲು ಬಂತು.

ಜ್ವರ ಬಂತು. ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಎದೆ ನೋಡಿದರು, ಏನೂ ಇಲ್ಲವೆಂದರು. ಕೂಸು ಮಾತ್ರ ದಿನದಿನಕ್ಕೆ ಬಾಡಿತು. ಮನಿಷಾ ಹಗಲಿರುಳು ಹಾಸಿಗೆಯ ಪಕ್ಕ ಕೂತು ಮಗಳನ್ನೇ ನೋಡುತ್ತಿದ್ದಳು. ಮಗಳು ಜ್ವರದಲ್ಲಿ ಅಂಬೂಬಾಯಿ ಆಯಿಯನ್ನೇ ಕರೆಯುತ್ತಿದ್ದಳು. ಹವಾ ಬದಲಾಗಲೆಂದು ವಿಶ್ವಾಸ ಕೂಸನ್ನು ಭಾಲ್ಕಿಗೆ, ತನ್ನ ತಾಯಿ ಜಿಜಾಬಾಯಿಯ ಮನೆಗೆ ಒಯ್ದು ಬಿಟ್ಟ. ಅಲ್ಲಿ ಜ್ವರ ಇಳಿಯಿತು. ಗಂಜಿ ಕುಡಿದಳು. ಜಿಜಾಬಾಯಿ ಹಿಗ್ಗಿನಿಂದ ವಿಡಿಯೊ ಕಾಲ್ ಮಾಡಿದಳು.

"ನೋಡವ್ವ ಮನಿಷಾ, ಹ್ಯಾಂಗ ನಗ್ತಾಳ. ನಿಮ್ಮನ್ಯಾಗ ಏನ್ ಹಾಕ್ತಿದ್ದಿರೋ ಏನೋ. ನನ್ನ ಕೈಯಾಗ ಬಂದಿದ್ದೇ ತಡ, ಹುಷಾರಾದಳು."

"ಚಲೋ ಆತ್ರಿ ಅತ್ಯಾ."

"ಮಮ್ಮಿ ಬೇಕೇನು ಅಂತ ಕೇಳ್ದೆ. ಬ್ಯಾಡ ಅಂತಾಳ, ಕಳ್ಳಿ."

ಪರದೆಯ ಮೇಲೆ ಕೂಸು ಅಜ್ಜಿಯ ಕೊರಳು ತಬ್ಬಿತ್ತು. ಮನಿಷಾ ನಗಲು ನೋಡಿದಳು. ಆಗಲಿಲ್ಲ. ಉರಿ ಎದ್ದಿತು. ಕಣ್ಣಿನೊಳಗೆ ಮಿಸುಕಿತು. ಅವಳು ನೋಡುತ್ತಿದ್ದಂತೆಯೇ ಕೂಸಿನ ಮೂಗಿನಿಂದ ಕೆಂಪು ಗೆರೆ ಇಳಿಯಿತು. ತುಟಿ ದಾಟಿತು. ಗದ್ದ ದಾಟಿತು. ಜಿಜಾಬಾಯಿ ಚೀರಿದಳು. ಮನಿಷಾಳ ಕೈಯಿಂದ ಫೋನು ಜಾರಿ ನೆಲಕ್ಕೆ ಬಿತ್ತು. ಮನಿಷಾ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು. ಕೆಳಗಿನಿಂದ ಅತ್ತೆಯ ದನಿ ಕೇಳಿತು, "ನಿಂತದವ್ವ, ರಕ್ತ ನಿಂತದ."

ಅವಳು ಕಣ್ಣು ಮುಚ್ಚಿದ ಕೂಡಲೇ ನಿಂತಿತ್ತು.

ಹೊರಗೆ ಗಾಳಿ ಎದ್ದಿತ್ತು. ಮಧ್ಯಾಹ್ನವೇ ಕೆಂಧೂಳು ಆಕಾಶ ಕವಿದು ಕತ್ತಲಾಯಿತು. ತಗಡುಗಳು ಬಡಿದುಕೊಂಡವು. ಕರೆಂಟು ಹೋಯಿತು. ಹಲ್ಲಿನ ನಡುವೆ ಮಣ್ಣು ಕರಕರ ಎನ್ನುತ್ತಿರಲು ಮನಿಷಾ ಹುಲ್ಲಿನಲ್ಲಿ ಮಂಡಿಯೂರಿ ಬಾಟಲಿ ಕಿತ್ತಳು. ಒಳಗಿನ ನೀರಿಗೆ ಕೆಂಪೇ ಇರಲಿಲ್ಲ. ಕುಡಿಯುವ ನೀರಿನಂತೆ ತಿಳಿಯಾಗಿತ್ತು.

ಅಂಬೂಬಾಯಿಯ ಪಡಸಾಲೆಯಲ್ಲಿ ದೀಪದ ಎಣ್ಣೆಯ ವಾಸನೆ. ಮುದುಕಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ನನ್ನ ಕಡಿ ನೋಡಬ್ಯಾಡ. ಅಲ್ಲೇ ಕೂಡು."

"ಏನಿತ್ತು ಕಾಕು ಇದರಾಗ?"

"ನನ್ನ ಕಣ್ಣು." ಆಕೆಯ ದನಿ ತಗ್ಗಿತು. "ನನಗ ಮಕ್ಕಳಾಗಲಿಲ್ಲ. ನೆಗೆಣ್ಣಿಗಿ, ನನ್ನ ಮೈದುನನ ಹೇಣ್ತಿಗಿ, ಗಂಡು ಕೂಸು ಹುಟ್ಟಿತು. ನಾ ಆ ತೊಟ್ಲಾಗ ಎಂಥಾ ಉರಿಲೆ ನೋಡಿದೆ ಅಂದ್ರ, ಆ ಕೂಸು ಉಳೀಲಿಲ್ಲ. ಔರಾದ ಕಡಿ ಪಂಢರಿ ಅಂತ ಒಬ್ಬ ಬಾಬಾ ಇದ್ದ. ನನ್ನ ಕಣ್ಣಾಗಿಂದು ಇಳಿಸಿ ಕುಂಕುಮದ ನೀರಾಗ ಕಟ್ಟಿ, ಮ್ಯಾಲ ಹುಲ್ಲು ಬೆಳಸು ಅಂದ. ಆವತ್ತಿನಿಂದ ನನಗ ಯಾವುದೂ ಬೇಕು ಅನಿಸಿಲ್ಲ. ನಾಯಿಗಿ ಅದು ಕಾಣ್ತಿತ್ತು, ಅದಕ್ಕ ಹತ್ರ ಬರ್ತಿದ್ದಿಲ್ಲ. ನೀವು ನಾಯಿ ಓಡಸೋ ಬಾಟ್ಲಿ ಅಂತ ತಿಳಕೊಂಡ್ರಿ. ನಾ ಬಿ ತಿಳಕೊಳ್ಲಿ ಅಂತ ಸುಮ್ಮನಿದ್ದೆ."

"ಬಾಬಾನ ಹತ್ರ ಹೋಗೋಣು."

"ಸತ್ತು ಹ್ವಾದ."

"ಮತ್ತ ನನ್ನ ಕೂಸು?"

ಗಾಳಿ ಬಾಗಿಲು ಒದೆಯಿತು. ಅಂಬೂಬಾಯಿ ಗೋಡೆಗೇ ಹೇಳಿದಳು.

"ನಂದೇ ಆಗಬೇಕು ಅಂದಿದ್ದನ್ನ ಅದು ತಿಂತದ. ಯಾರ ಮ್ಯಾಲ ಉರದಿಯೋ ಅವರಿಗೇ ಕೊಟ್ಟು ಬಿಟ್ರ ಬಾಯಿ ಮುಚ್ಚತದ. ಬಾಯಿಲೆ ಕೊಟ್ರ ಸಾಲಂಗಿಲ್ಲ. ನನ್ನ ನೆಗೆಣ್ಣಿ ನನ್ನ ಕಾಲ ಹಿಡದು ಕೂಸಿನ ಆಸಿ ಬಿಡು ಅಂದ್ಲು, ನಾ ಬಾಯಿಲೆ ಹ್ಞೂಂ ಅಂದೆ, ಮನಸಿಲೆ ಬಿಡಲಿಲ್ಲವ್ವ. ಬಿಟ್ಟಿದ್ರ ಆ ಹುಡುಗ ಇವತ್ತ ಇರ್ತಿದ್ದ."

ಮನಿಷಾ ಫೋನಿನಲ್ಲಿ ಹೇಳಿದಂತೆ ದೀಪ ಹಚ್ಚುವ ಹೊತ್ತಿಗೆ ವಿಶ್ವಾಸ ಕೂಸನ್ನು ಭಾಲ್ಕಿಯಿಂದ ತಂದ. ಅವನಿಗೆ ಯಾವುದೂ ಅರ್ಥವಾಗಿರಲಿಲ್ಲ, ಆದರೆ ಹೆಗಲ ಮೇಲಿನ ಭಾರ ಅರ್ಥವಾಗಿತ್ತು. ಕೂಸು ಹತ್ತಿಯಷ್ಟೂ ತೂಕವಿರಲಿಲ್ಲ. ತಮ್ಮ ಮನೆಯಲ್ಲಿ ನಿಲ್ಲದೆ ನೇರ ಅಂಬೂಬಾಯಿಯ ತೊಡೆಯ ಮೇಲೆ ಮಲಗಿಸಿದ.

"ಹೇಳವ್ವ," ಎಂದಳು ಮುದುಕಿ. "ನೋಡಕೋತ ಹೇಳು."

ಮನಿಷಾ ಕಣ್ಣು ತೆರೆದಳು.

"ಇದು ನಿಮ್ಮ ಕೂಸು ಕಾಕು."

ಮಾನಸಿಯ ಮೈ ಬಿಲ್ಲಿನಂತೆ ಬಾಗಿತು. ಹಲ್ಲು ಕಟ್ಟಿತು. ಅಂಬೂಬಾಯಿಯ ಒಣ ಕೈ ಆ ಬೋಳುತಲೆಯನ್ನು ಸವರಿತು. ಮನಿಷಾ ಆ ಕೈಯನ್ನು ಕಂಡಳು. ಕತ್ತರಿಸಿಬಿಡಬೇಕೆನಿಸಿತು. ಕೂಸಿನ ಮೂಗಿನಿಂದ ರಕ್ತ ಚಿಮ್ಮಿತು.

"ಮನಿಷಾ, ಸಾಯ್ತದ ಅದು," ವಿಶ್ವಾಸ ಅತ್ತ.

ಮತ್ತೆ ಹೇಳಿದಳು. ಉರಿ ಆರಲಿಲ್ಲ. ಮತ್ತೆ ಹೇಳಿದಳು. ನನ್ನ ಹೊಟ್ಟೆ. ನನ್ನ ಹಾಲು. ನನ್ನ ಕೂಸು. ನನ್ನ, ನನ್ನ, ನನ್ನ. ತುಟಿ ನೀಲಿಯಾಯಿತು. ಉಸಿರು ಸಿಕ್ಕಿತು. ಬಿಡಬೇಕು. ಹೇಗೆ ಬಿಡಬೇಕು? ಆ ಕೈ ಎಷ್ಟು ಮೆತ್ತಗೆ ಸವರುತ್ತಿದೆ. ಸವರಲಿ. ಯಾರ ಕೈಯಾದರೂ ಆಗಲಿ. ಉಸಿರಾಡಲಿ. ಎಲ್ಲಿಯಾದರೂ, ಯಾರದಾದರೂ ಆಗಿ ಉಸಿರಾಡಲಿ.

ದೇವರೆ, ನನ್ನದಲ್ಲ.

ಕಣ್ಣಿನೊಳಗಿಂದ ಏನೋ ಕಳಚಿತು. ಕೆನ್ನೆಯ ಮೇಲೆ ಬಿಸಿಯಾಗಿ ಇಳಿಯಿತು. ಗಾಳಿ ಒಮ್ಮೆಲೇ ನಿಂತಿತು. ಕೂಸು ಉದ್ದಕ್ಕೆ ಉಸಿರೆಳೆದುಕೊಂಡಿತು. ಮೈ ಸಡಿಲಾಯಿತು. ಕಣ್ಣು ಬಿಟ್ಟು ಅಂಬೂಬಾಯಿಯನ್ನು ಕಂಡು ನಕ್ಕಿತು, ಅಪ್ಪನನ್ನು ಕಂಡು ಕೈ ಚಾಚಿತು. ಆಮೇಲೆ ಬಾಗಿಲ ಬಳಿ ಕುಸಿದು ಕೂತಿದ್ದವಳನ್ನು ಬಹಳ ಹೊತ್ತು ನೋಡಿ, ಅಂಜಿ, ಮುದುಕಿಯ ಸೆರಗಿನಲ್ಲಿ ಮುಖ ಮರೆಸಿತು.

"ಅವ್ವಾ," ಎಂದಿತು ಅಂಬೂಬಾಯಿಗೆ. "ಆ ಆಂಟಿ ಯಾರ? ಯಾಕ ಅಳ್ತಾಳ?"

ವಿಶ್ವಾಸ ಮುಖ ತಿರುಗಿಸಿದ. ಮನಿಷಾ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. ಎದೆಯೊಳಗೆ ಎಲ್ಲೂ ಉರಿ ಏಳದಂತೆ, ತುಂಬಿದ ಕೊಡ ಹೊತ್ತವಳಂತೆ ಮೆಲ್ಲಗೆ ಎದ್ದು ನಿಂತಳು.

"ನಾ ಬಾಜು ಮನಿಯಾಕಿ, ತಂಗಿ," ಎಂದಳು. "ಕಣ್ಣಾಗ ಧೂಳ ಬಿದ್ದದ."